ಇ-ಬೈಕ್ ಡಿಸ್‌ಪ್ಲೇ ಕಳವು: ಯಾವ ಬಂದೋಬಸ್ತು ಕೆಲಸಕ್ಕೆ ಬರುತ್ತದೆ, ಯಾವುದು ದಂಡ

ಎಲೆಕ್ಟ್ರಿಕ್ ಸೈಕಲ್‌ಗೆ ದಪ್ಪನೆಯ ಯು-ಲಾಕ್ ಜಡಿದು, ಬ್ಯಾಟರಿಗೂ ಬೀಗ ಹಾಕಿ, ಹ್ಯಾಂಡಲ್ ಮೇಲಿನ ಡಿಸ್‌ಪ್ಲೇಯನ್ನು ಮಾತ್ರ ಹಾಗೇ ಬಿಟ್ಟು ಹೋಗುವವರು ಬೇಕಾದಷ್ಟು ಮಂದಿ. ಅದನ್ನು ಕೀಳಲು ಹತಾರವೇ ಬೇಡ, ಹೆಬ್ಬೆರಳು ಸಾಕು. ಇದನ್ನು ತಡೆಯಲು ತಯಾರಕರೇ ಸೂಚಿಸುವ ಸ್ಕ್ರೂ, ಪ್ಲೇಟ್‌ಗಳಿವೆ. ಹೊರಗಿನವರು ಮಾರುವ ಕವಚ, ಬ್ರಾಕೆಟ್‌ಗಳಿವೆ. ಕೈಯಾರೆ ಮಾಡಿಕೊಳ್ಳುವ ಉಪಾಯಗಳೂ ಇವೆ. ಇವುಗಳಲ್ಲಿ ಯಾವುದನ್ನು ಹಾಕಿಸಿದರೆ ಪಟ್ಟ ಶ್ರಮ ದಕ್ಕುತ್ತದೆ ಎಂದು ಇಲ್ಲಿ ತೂಗಿ ನೋಡಿದೆ. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಇವುಗಳಲ್ಲಿ ಒಂದೂ ಬೀಗವಲ್ಲ. ಹೋಗುತ್ತ ಬರುತ್ತ ಕೈಗೆ ಸಿಕ್ಕಿದ್ದನ್ನು ಜೇಬಿಗಿಳಿಸುವವನನ್ನು ಇವು ತಡೆಯುತ್ತವೆ, ಹತಾರದ ಚೀಲ ಹೊತ್ತು ಬಂದವನನ್ನು ತಡೆಯುವುದಿಲ್ಲ. ಇ-ಬೈಕ್‌ಗಳ ಮೋಟಾರ್, ಡಿಸ್‌ಪ್ಲೇ ತಯಾರಿಸುವ ಬಾಷ್ ಕಂಪನಿ ತನ್ನ ಕೈಪಿಡಿಯಲ್ಲೇ ಈ ಸ್ಕ್ರೂ ಕಳವಿನಿಂದ ರಕ್ಷಣೆಯಲ್ಲ ಎಂದು ಮುಲಾಜಿಲ್ಲದೆ ಬರೆದಿದೆ.

ಹಾಗಾಗಿ ಯಾವ ಬಂದೋಬಸ್ತನ್ನೇ ಆಗಲಿ ಎರಡು ಪ್ರಶ್ನೆ ಕೇಳಿ ಅಳೆಯಬೇಕು. ಸ್ಕ್ರೂವಿನ ತಲೆ ಎಲ್ಲಿದೆ, ಅಲ್ಲಿಗೆ ಕೈ ಹೋಗಲು ಇನ್ನೇನು ಬಿಚ್ಚಬೇಕು ಎಂಬುದು ಒಂದು. ಬಿಚ್ಚಲಾಗದೆ ಯಾರಾದರೂ ಮೀಟಿದರೆ ಮೊದಲು ಮುರಿಯುವುದು ಯಾವುದು ಎಂಬುದು ಇನ್ನೊಂದು. ಎರಡನೆಯದನ್ನು ಅಂಗಡಿಯವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಕದ್ದವನಿಗೆ ಏನು ಲಾಭ, ಕಳಕೊಂಡವರಿಗೆ ಎಷ್ಟು ನಷ್ಟ ಎನ್ನುವುದು ಮಾಡೆಲ್ ಮೇಲೆ ಹೋಗುತ್ತದೆ. ಬಾಷ್‌ನ ಹಳೆಯ ಡಿಸ್‌ಪ್ಲೇಯಾದ ಇಂಟುವಿಯಾ ಒಂದೇ ಸೈಕಲ್‌ಗೆ ಕಟ್ಟುಬಿದ್ದ ವಸ್ತುವಲ್ಲ. ಅದೇ ಪೀಳಿಗೆಯ ಇನ್ನೊಂದು ಬಾಷ್ ಸೈಕಲ್‌ನ ಬ್ರಾಕೆಟ್‌ಗೆ ತೂರಿಸಿದರೆ ಅಲ್ಲೂ ಕೆಲಸ ಮಾಡುತ್ತದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಸಲೀಸಾಗಿ ಕೈ ಬದಲಿಸುವ ಮಾಲು ಅದು. ಮಾಲೀಕರಿಗಾದರೆ ಇಂಟುವಿಯಾ, ಹಳೆಯ ನ್ಯೋನ್, ಮೊದಲ ಕಿಯಾಕ್ಸ್ ಎಂಬ ಈ ಬಾಷ್ ಡಿಸ್‌ಪ್ಲೇಗಳು ಇಲ್ಲದೆ ಮೋಟಾರ್ ಆನ್ ಆಗುವುದೇ ಇಲ್ಲ. ಅಷ್ಟು ಭಾರದ ಸೈಕಲ್ಲನ್ನು ಕಾಲಿನ ಬಲದಲ್ಲೇ ಮನೆ ಮುಟ್ಟಿಸಬೇಕು. 2021ರಲ್ಲಿ ಬಂದ ಬಾಷ್ ಸ್ಮಾರ್ಟ್ ಸಿಸ್ಟಮ್‌ನಲ್ಲಿ ಈ ಲೆಕ್ಕ ಬೇರೆ. ಹಿಡಿಕೆಯ ಪಕ್ಕದಲ್ಲಿ ಕೂತಿರುವ ಎಲ್‌ಇಡಿ ರಿಮೋಟ್ ಒಂದರಿಂದಲೇ ಸೈಕಲ್ ಓಡುತ್ತದೆ; ಕಿಯಾಕ್ಸ್ 300 ಕಳವಾದರೆ ಪರದೆ ಹೋಗುತ್ತದೆ ಅಷ್ಟೆ, ಸವಾರಿ ನಿಲ್ಲುವುದಿಲ್ಲ. ಈ ಎರಡು ಪೀಳಿಗೆಯ ಡಿಸ್‌ಪ್ಲೇಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಆದ್ದರಿಂದ ಹಳೆಯ ಡಿಸ್‌ಪ್ಲೇಗೆ ಬದಲಿ ಹುಡುಕುವವರು ಹಳೆಯದನ್ನೇ ಹುಡುಕಬೇಕು. ಮೊದಲ ಪ್ಯೂರಿಯಾನ್, ಶಿಮಾನೋ ಎಸ್‌ಸಿ-ಇ8000 ಥರದ ಚಿಕ್ಕ ಡಿಸ್‌ಪ್ಲೇಗಳಿಗೆ ಈ ತಲೆನೋವು ಕಡಿಮೆ. ಅವು ಕ್ಲಾಂಪ್ ಸಮೇತ ಹ್ಯಾಂಡಲ್‌ಗೆ ಕೂತಿರುತ್ತವೆ.

ಇಂಟುವಿಯಾ ಮತ್ತು ಹಳೆಯ ನ್ಯೋನ್: ತಡೆ ಸ್ಕ್ರೂ

ಇಂಟುವಿಯಾ ಬ್ರಾಕೆಟ್‌ನೊಳಕ್ಕೆ ಮುಂದಿನಿಂದ ಜಾರಿ ಕೂರುತ್ತದೆ. ಲಾಕ್ ಅದುಮಿ ಮುಂದಕ್ಕೆ ತಳ್ಳಿದರೆ ಹೊರಬರುತ್ತದೆ. ಈ ಜಾರುವಿಕೆಯನ್ನು ನಿಲ್ಲಿಸಲು ಬ್ರಾಕೆಟ್‌ನ ಅಡಿಯಲ್ಲಿ ಒಂದು ಥ್ರೆಡ್ ತೂತನ್ನು ಕಾರ್ಖಾನೆಯಲ್ಲೇ ಬಿಟ್ಟಿರುತ್ತಾರೆ. ಬೇಕಾದದ್ದು ಎಂ3, ಅಂದರೆ 3 ಮಿ.ಮೀ. ದಪ್ಪದ ಸ್ಕ್ರೂ, ಉದ್ದ 8 ಮಿ.ಮೀ. ಅಷ್ಟೇ. ಸೈಕಲ್ ಕೊಂಡಾಗ ಇದು ಜೊತೆಗೆ ಬಂದಿರದಿದ್ದರೆ ಯಾವುದೇ ಹಾರ್ಡ್‌ವೇರ್ ಪೆಟ್ಟಿಗೆಯಲ್ಲಿ ಸಿಗುವಂಥ ಸ್ಕ್ರೂ.

ಕೆಲಸದ ಕ್ರಮ ಹೀಗೆ. ಬ್ಯಾಟರಿ ತೆಗೆದಿಡಿ. ಡಿಸ್‌ಪ್ಲೇ ಹೊರತೆಗೆದು ಅದರ ಬೆನ್ನಿನ ಸೀರಿಯಲ್ ನಂಬರ್ ಫೋಟೋ ತೆಗೆದುಕೊಳ್ಳಿ. ಸ್ಕ್ರೂ ಹಾಕಿದ ಮೇಲೆ ಆ ಸ್ಟಿಕ್ಕರ್ ಕಣ್ಣಿಗೆ ಬೀಳುವುದಿಲ್ಲ. ಸ್ಟೆಮ್‌ನ (ಹ್ಯಾಂಡಲ್ಲನ್ನು ನಡುವೆ ಹಿಡಿದಿರುವ ತುಂಡು) ಎರಡೂ ಪಕ್ಕ ಹ್ಯಾಂಡಲ್ ಹಿಡಿದಿರುವ ಬ್ರಾಕೆಟ್‌ನ ಕ್ಲಾಂಪ್ ಸ್ಕ್ರೂಗಳನ್ನು ಬಿಚ್ಚಿ, ಬ್ರಾಕೆಟ್ ಅನ್ನು ಕೇಬಲ್ ಎಳೆಯದಂತೆ ಮೇಲೆತ್ತಿ ಮಗುಚಿ. ಕ್ಲಾಂಪ್ ಒಳಗೆ ರಬ್ಬರ್ ತುಂಡುಗಳಿದ್ದರೆ ಅವು ಬಿದ್ದು ಹೋಗದಂತೆ ನೋಡಿಕೊಳ್ಳಿ, 31.8 ಮಿ.ಮೀ.ಗಿಂತ ಸಣ್ಣ ಹ್ಯಾಂಡಲ್‌ಗೆ ಅವು ಬೇಕೇ ಬೇಕು. ಡಿಸ್‌ಪ್ಲೇಯನ್ನು ಬ್ರಾಕೆಟ್‌ಗೆ ಪೂರ್ತಿ ತೂರಿಸಿ, ಟಕ್ ಎಂದ ಮೇಲೆ ಅಡಿಯಿಂದ ಸ್ಕ್ರೂ ಹಾಕಿ. ಮೊದಲು ಸ್ಕ್ರೂವನ್ನು ಎಡಕ್ಕೆ ತಿರುಗಿಸುತ್ತ ಬನ್ನಿ. ಥ್ರೆಡ್‌ನ ಬಾಯಿಗೆ ಬಿದ್ದಾಗ ಸಣ್ಣಗೆ ಕುಸಿದಂತಾಗುತ್ತದೆ. ಅಲ್ಲಿಂದ ಬಲಕ್ಕೆ ಬೆರಳಲ್ಲೇ ತಿರುಗಿಸಿ. ಎರಡನೇ ಸುತ್ತಿನಲ್ಲೇ ಬಿಗಿಯಾಯಿತೆಂದರೆ ಅಡ್ಡ ಥ್ರೆಡ್ ಬಿದ್ದಿದೆ. ಬಲ ಹಾಕದೆ ಹೊರತೆಗೆದು ಮತ್ತೆ ಶುರು ಮಾಡಬೇಕು. ಕೊನೆಯಲ್ಲಿ ಬೆರಳ ತುದಿಯಿಂದ ಹಿಡಿದ ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಬರುವಷ್ಟೇ ಬಿಗಿ ಸಾಕು. ಸುತ್ತ ಇರುವುದು ಪ್ಲಾಸ್ಟಿಕ್. ಇಲ್ಲಿ ಬಲ ತೋರಿಸಿದರೆ ಥ್ರೆಡ್ ಕಿತ್ತು ಬರುತ್ತದೆ, ಕಿತ್ತು ಬಂದರೆ ಬ್ರಾಕೆಟ್ಟೇ ಹೊಸದು ಬೇಕು.

ಸ್ಕ್ರೂ ಉದ್ದದಲ್ಲಿ ಒಂದು ಗುಂಡಿ ಇದೆ, ಬಹಳ ಮಂದಿ ಬೀಳುವುದು ಇಲ್ಲೇ. ತಲೆ ಒಳಕ್ಕೆ ಮುಳುಗುವ ಕೌಂಟರ್‌ಸಂಕ್ ಸ್ಕ್ರೂವಿನ ಉದ್ದವನ್ನು ತಲೆ ಸೇರಿಸಿ ಅಳೆಯುತ್ತಾರೆ. ಗುಂಡು ತಲೆಯ ಮತ್ತು ಸಿಲಿಂಡರ್ ತಲೆಯ ಸ್ಕ್ರೂಗಳನ್ನು ತಲೆಯ ಕೆಳಗಿನಿಂದ ಅಳೆಯುತ್ತಾರೆ. ಕೌಂಟರ್‌ಸಂಕ್ 8ರ ಜಾಗಕ್ಕೆ ಗುಂಡು ತಲೆಯ 8 ತಂದರೆ ಕಾಂಡ ಸುಮಾರು ಒಂದೂವರೆ ಮಿ.ಮೀ.ಗಿಂತ ಹೆಚ್ಚು ಉದ್ದ ಬಂದಂತಾಯಿತು. ತಲೆ ಕೂರುವ ಜಾಗ ಯಾವ ಆಕಾರದ್ದು ಎಂದು ನೋಡದೆ ಉದ್ದ ಒಂದನ್ನೇ ಹಿಡಿದು ಕೊಳ್ಳಬಾರದು.

ಈಗ ನಮ್ಮ ಎರಡು ಪ್ರಶ್ನೆ. ಸ್ಕ್ರೂವಿನ ತಲೆ ಬ್ರಾಕೆಟ್ ಅಡಿಯಲ್ಲಿ ಅಡಗಿರುವುದರಿಂದ ಮೊದಲು ಕ್ಲಾಂಪ್ ಬಿಚ್ಚಬೇಕು. ಇದು ಇಂಟುವಿಯಾ ವಿನ್ಯಾಸದ ಹೆಚ್ಚುಗಾರಿಕೆ. ಆದರೆ ಕ್ಲಾಂಪ್ ಸ್ಕ್ರೂಗಳು ಮೇಲೇ ಇವೆ, ಮಾಮೂಲಿ ಹತಾರಕ್ಕೆ ಜಗ್ಗುತ್ತವೆ. ಒಳಗಿನ ಎಂ3 ಸ್ಕ್ರೂವಿಗೆ ವಿಶೇಷ ತಲೆ ಹುಡುಕುತ್ತ ಕೂರುವುದಕ್ಕಿಂತ ಹೊರಗಿನ ಕ್ಲಾಂಪ್ ಸ್ಕ್ರೂಗಳನ್ನು ಬದಲಿಸುವುದೇ ಜಾಣತನ. ಎರಡನೇ ಪ್ರಶ್ನೆಗೆ ಉತ್ತರ ಅಷ್ಟು ಹಿತವಾಗಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮೊದಲು ಹೋಗುವುದು ಬ್ರಾಕೆಟ್‌ನ ಪ್ಲಾಸ್ಟಿಕ್ ಅಂಚು. ಬ್ರಾಕೆಟ್ ಅಂದರೆ ಬರೀ ಬ್ರಾಕೆಟ್ ಅಲ್ಲ, ಅದರ ಕೇಬಲ್ ಫ್ರೇಮ್ ಗುಂಟ ಇಳಿದು ಮೋಟಾರ್‌ಗೆ ಹೋಗಿರುತ್ತದೆ; ಬದಲಿಸಲು ಮೋಟಾರ್‌ನ ಮುಚ್ಚಳ ಬಿಚ್ಚಬೇಕು, ಸರಿಯಾದ ಉದ್ದದ ಕೇಬಲ್ ಇರುವ ಬ್ರಾಕೆಟ್ಟೇ ತರಬೇಕು. ಕಳವು ತಪ್ಪಿದರೂ ವರ್ಕ್‌ಶಾಪ್ ಕೆಲಸ ತಪ್ಪಲಿಲ್ಲ ಎಂಬ ಸ್ಥಿತಿ ಬರುವುದು ಹೀಗೆ. ಸ್ವಲ್ಪ ಹೊತ್ತು, ಜನ ಓಡಾಡುವ ಕಡೆ ನಿಲ್ಲಿಸುವ ಸೈಕಲ್‌ಗೆ ಈ ಸ್ಕ್ರೂ ಖಂಡಿತ ಹಾಕಿಸಬೇಕಾದದ್ದು. ರಾತ್ರಿಯಿಡೀ ಹೊರಗೆ ನಿಲ್ಲುವ ಸೈಕಲ್‌ಗೆ ಇದನ್ನು ಹಾಕಿಸಿದರೆ ಕಳ್ಳನಿಗೆ ಮೀಟಲು ಪುರುಸೊತ್ತು ಕೊಟ್ಟು ಬ್ರಾಕೆಟ್ಟನ್ನೂ ಒಪ್ಪಿಸಿದಂತೆ.

ಮೊದಲ ಕಿಯಾಕ್ಸ್

2019ರ ಮಾಡೆಲ್ ಸೈಕಲ್‌ಗಳ ಹೊತ್ತಿಗೆ ಬಂದ ಮೊದಲ ಕಿಯಾಕ್ಸ್ ಆಯಸ್ಕಾಂತದಿಂದ ಕೂರುತ್ತದೆ. ಮೇಲಿಂದ ಇಟ್ಟರೆ ತಾನೇ ಹಿಡಿದುಕೊಳ್ಳುತ್ತದೆ, ಎತ್ತಿದರೆ ಬರುತ್ತದೆ. ಸವಾರಿಗೆ ಇದರಷ್ಟು ಸೊಗಸಾದದ್ದಿಲ್ಲ, ಕಳ್ಳನಿಗೂ ಅಷ್ಟೇ ಸೊಗಸು. ಇದರ ತಡೆ ಸ್ಕ್ರೂ ಎಂ3, ಉದ್ದ 6 ಮಿ.ಮೀ. ಇಂಟುವಿಯಾಕ್ಕೆ ತಂದ 8 ಮಿ.ಮೀ. ಉಳಿದಿದೆಯಲ್ಲ ಎಂದು ಇದಕ್ಕೆ ಹಾಕಿದರೆ ಡಿಸ್‌ಪ್ಲೇ ಹಾಳಾಗಬಹುದು. ಇಂಟುವಿಯಾದಲ್ಲಿ ಥ್ರೆಡ್ ಇರುವುದು ಬ್ರಾಕೆಟ್‌ನಲ್ಲಿ, ಕಿಯಾಕ್ಸ್‌ನಲ್ಲಿ ಡಿಸ್‌ಪ್ಲೇಯ ಮೈಯಲ್ಲೇ. ಉದ್ದ ಹೆಚ್ಚಾದರೆ ಸ್ಕ್ರೂವಿನ ತುದಿ ಒಳಗಿನ ಗೋಡೆಗೆ ಒತ್ತುತ್ತದೆ. ಎಂ3 ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿ.ಮೀ. ಇಳಿಯುತ್ತದೆ, ಎರಡು ಮಿ.ಮೀ. ಹೆಚ್ಚು ಎಂದರೆ ನಾಲ್ಕು ಸುತ್ತು ಜಾಸ್ತಿ ಒಳಕ್ಕೆ ಹೋಯಿತು ಎಂದರ್ಥ.

ಹಾಕುವ ಕ್ರಮದಲ್ಲೂ ತಿರುವಿದೆ. ಕಿಯಾಕ್ಸ್ ಬ್ರಾಕೆಟ್ ಹ್ಯಾಂಡಲ್‌ಗೆ ಅಲ್ಲ, ಹೆಡ್‌ಸೆಟ್‌ನ (ಸ್ಟೀರಿಂಗ್ ಬೇರಿಂಗ್‌ಗಳ ಜೋಡಣೆ) ಮೇಲಿನ ಬೋಲ್ಟ್‌ಗೆ ಕಚ್ಚಿಕೊಂಡಿರುತ್ತದೆ. ಆ ಬೋಲ್ಟ್ ಸಡಿಲಿಸಿ, ಬ್ರಾಕೆಟ್ ಪಕ್ಕಕ್ಕೆ ತಿರುಗುವಂತಾದ ಮೇಲೆ ಡಿಸ್‌ಪ್ಲೇ ಇಟ್ಟು ಅಡಿಯಿಂದ ಸ್ಕ್ರೂ ಹಾಕಿ, ಮತ್ತೆ ನೇರಕ್ಕೆ ತಂದು ಬೋಲ್ಟ್ ಬಿಗಿ ಮಾಡಬೇಕು. ಈ ಬೋಲ್ಟ್ ಅಲಂಕಾರದ್ದಲ್ಲ, ಸ್ಟೀರಿಂಗ್ ಬೇರಿಂಗ್‌ಗಳ ಒತ್ತಡ ಹೊಂದಿಸುವುದು ಇದರಿಂದಲೇ. ಸ್ಟೆಮ್‌ನ ಪಕ್ಕದ ಎರಡು ಬೋಲ್ಟ್‌ಗಳನ್ನು ಮುಟ್ಟದಿದ್ದರೆ ಹೊಂದಿಕೆ ಕದಲುವುದಿಲ್ಲ. ಅವನ್ನೂ ಸಡಿಲಿಸಿದರೆ ಕದಲುತ್ತದೆ. ಮೇಲಿನ ಬೋಲ್ಟ್‌ಗೆ ಬಲ ಬೇಡ, ತಯಾರಕರು ಹೇಳಿದ ಬಿಗಿ ಸಾಕು. ಮುಗಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ, ಇನ್ನೊಂದು ಕೈಯ ಬೆರಳನ್ನು ಹೆಡ್‌ಸೆಟ್ ಸಂದಿನ ಮೇಲಿಟ್ಟು ನೋಡಿ. ಅಲ್ಲಿ ಕಟಕಟ ತಾಗಿದರೆ ಸಡಿಲ. ಮುಂಚಕ್ರ ಎತ್ತಿ ಹಿಡಿದಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ಬೀಳದೆ ನಡುವೆ ನಿಂತರೆ ಬಿಗಿ ಹೆಚ್ಚು. ಡಿಸ್‌ಪ್ಲೇ ಉಳಿಸಲು ಹೋಗಿ ಸ್ಟೀರಿಂಗ್ ಸಡಿಲ ಬಿಟ್ಟು ಓಡಿಸುವುದು ಅಪಾಯ. ಇದರ ಅಭ್ಯಾಸವಿಲ್ಲದವರು ಈ ಸ್ಕ್ರೂವನ್ನು ಮೆಕ್ಯಾನಿಕ್ ಕೈಯಲ್ಲೇ ಹಾಕಿಸುವುದು ಮೇಲು.

ಸ್ಕ್ರೂವಿನ ತಲೆ ಅಡಗಿರುವ ವಿಷಯದಲ್ಲಿ ಇದು ಇಂಟುವಿಯಾಕ್ಕಿಂತ ಒಂದು ಕೈ ಮೇಲು: ಬಿಚ್ಚಲು ಹೆಡ್‌ಸೆಟ್‌ನ ಮೇಲಿನ ಬೋಲ್ಟ್‌ಗೆ ಕೈ ಹಾಕಬೇಕು, ಸುಮ್ಮನೆ ನಿಂತವನಿಗೆ ಅದು ಥಟ್ಟನೆ ಹೊಳೆಯುವುದಿಲ್ಲ.

ಕಿಯಾಕ್ಸ್ 300 ಮತ್ತು 500: ತಡೆ ಪ್ಲೇಟ್

ಸ್ಮಾರ್ಟ್ ಸಿಸ್ಟಮ್‌ನಲ್ಲಿ ಸ್ಕ್ರೂವಿನ ಬದಲು ಚಿಕ್ಕ ಪ್ಲಾಸ್ಟಿಕ್ ಪ್ಲೇಟ್ ಬಂದಿದೆ. ಡಿಸ್‌ಪ್ಲೇ ಕೂರುವ ತಟ್ಟೆಯ ಅಡಿಯಿಂದ ಇದನ್ನು ಟಕ್ ಎನ್ನುವವರೆಗೆ ಒತ್ತಿದರೆ ಮುಗಿಯಿತು. ಆಮೇಲೆ ಡಿಸ್‌ಪ್ಲೇ ಎತ್ತಬೇಕಾದರೆ ತಟ್ಟೆಯನ್ನು ಬ್ರಾಕೆಟ್‌ಗೆ ಹಿಡಿದಿರುವ ಎರಡು ಸ್ಕ್ರೂಗಳನ್ನು ಬಿಚ್ಚಲೇಬೇಕು. ಬೆರಳಷ್ಟೇ ಸಾಕು, ಥ್ರೆಡ್ ಕೆಡುವ ಭಯವಿಲ್ಲ, ಉದ್ದ ತಪ್ಪುವ ಪ್ರಶ್ನೆಯಿಲ್ಲ. ಹಾಕುವ ಸುಲಭಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಇದಕ್ಕೇ. ಹಾಕಿದ ಮೇಲೆ ಡಿಸ್‌ಪ್ಲೇಯನ್ನು ಮಾಮೂಲಿನಂತೆ ಎತ್ತಿ ನೋಡಿ. ಒಂದು ಮೂಲೆ ಮೇಲೆದ್ದರೆ ಪ್ಲೇಟ್ ಅರ್ಧವೇ ಕೂತಿದೆ, ತಟ್ಟೆಯ ಸಂದಿನಲ್ಲಿ ಮಣ್ಣು ಸಿಕ್ಕಿಕೊಂಡಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಇದನ್ನೂ ಕಳವು ತಡೆ ಎಂದು ತಯಾರಕರು ಕರೆಯುವುದಿಲ್ಲ, ನಾವೂ ಕರೆಯಬಾರದು.

ಆದರೆ ಈ ಪ್ಲೇಟ್ ಹಾಕುವ ಮುನ್ನ ಆ್ಯಪ್ ತೆರೆದು ಒಂದನ್ನು ನೋಡಿಕೊಳ್ಳಬೇಕು. ಬಾಷ್‌ನ ಇಬೈಕ್ ಫ್ಲೋ ಆ್ಯಪ್‌ನ ಲಾಕ್ ಸೌಲಭ್ಯದಲ್ಲಿ ಮೋಟಾರ್‌ಗೆ ಕೀಲಿಯಾಗಿ ಫೋನ್ ಅನ್ನೂ ಇಟ್ಟುಕೊಳ್ಳಬಹುದು, ಕಿಯಾಕ್ಸ್ 300 ಅಥವಾ 500 ಅನ್ನೂ ಇಟ್ಟುಕೊಳ್ಳಬಹುದು. ಡಿಸ್‌ಪ್ಲೇಯೇ ಕೀಲಿಯಾಗಿದ್ದು, ಅದನ್ನು ಪ್ಲೇಟ್ ಹಾಕಿ ಸೈಕಲ್ ಮೇಲೇ ಕೂರಿಸಿದರೆ ಬೀಗದಲ್ಲೇ ಬೀಗದಕೈ ಬಿಟ್ಟು ಹೋದಂತೆ. ಪ್ಲೇಟ್ ಬೇಕೆನ್ನುವವರು ಕೀಲಿಯನ್ನು ಫೋನ್‌ಗೆ ಬದಲಿಸಿಕೊಳ್ಳಬೇಕು; ಡಿಸ್‌ಪ್ಲೇಯೇ ಕೀಲಿಯಾಗಿರಲಿ ಎನ್ನುವವರಿಗೆ ಪ್ಲೇಟ್ ಬೇಡ, ಕಿತ್ತು ಜೇಬಿಗಿಡುವುದೇ ಸರಿ. ಮೊದಲ ಕಿಯಾಕ್ಸ್‌ನ ಲಾಕ್ ಸೌಲಭ್ಯಕ್ಕೂ ಇದೇ ಮಾತು: ಅಲ್ಲಿ ಡಿಸ್‌ಪ್ಲೇ ತೆಗೆದಾಗಲೇ ಮೋಟಾರ್ ಮುಚ್ಚಿಕೊಳ್ಳುವುದು, ಸ್ಕ್ರೂ ಹಾಕಿದರೆ ಆ ಸೌಲಭ್ಯಕ್ಕೆ ಕೆಲಸವೇ ಉಳಿಯುವುದಿಲ್ಲ. ಇಂಥ ಲಾಕ್‌ಗಳೆಲ್ಲ ಕಾಯುವುದು ಮೋಟಾರನ್ನು, ಹ್ಯಾಂಡಲ್ ಮೇಲಿನ ಪೆಟ್ಟಿಗೆಯನ್ನಲ್ಲ.

ಕ್ಲಾಂಪ್ ಡಿಸ್‌ಪ್ಲೇಗಳು, ಕಿಟ್ ಸೈಕಲ್‌ಗಳು

ಬಾಫಾಂಗ್ ಕಂಪನಿಯ ಮೋಟಾರ್ ಇರುವ ಸೈಕಲ್‌ಗಳಲ್ಲಿ, ಮಾಮೂಲಿ ಸೈಕಲ್‌ಗೆ ಮೋಟಾರ್ ಕಿಟ್ ಹಾಕಿದವುಗಳಲ್ಲಿ ಡಿಸ್‌ಪ್ಲೇ ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್ ಕ್ಲಾಂಪ್‌ಗಳಿಂದ ಹ್ಯಾಂಡಲ್ ಹಿಡಿದಿರುತ್ತದೆ, ಸಣ್ಣ ಅಲೆನ್ ಸ್ಕ್ರೂ ಎರಡು. ಕೈಯಲ್ಲೇ ಕೀಳಲು ಬರುವುದಿಲ್ಲ, ಆದರೆ 2.5 ಅಥವಾ 3 ಮಿ.ಮೀ. ಅಲೆನ್ ಕೀ ಇದ್ದವನಿಗೆ ಲೀಲಾಜಾಲ. ಕೇಬಲ್ ಸ್ವಲ್ಪ ಕೆಳಗೆ ಹೈಗೋ ಮಾದರಿಯ ದುಂಡು ಕನೆಕ್ಟರ್‌ನಲ್ಲಿ ಮುಗಿಯುತ್ತದೆ. ಬಾಣದ ಗುರುತು ಹೊಂದಿಸಿ ತೂರಿಸುವ, ನೇರಕ್ಕೆ ಎಳೆದರೆ ಬಿಡುವ ಜಾತಿ ಅದು. ಬೀಗದ ಕೊಂಡಿ ಏನೂ ಇಲ್ಲ.

ಇಲ್ಲಿ ಎರಡು ಕಡೆ ಕೆಲಸ ಮಾಡಬೇಕು. ಕ್ಲಾಂಪ್ ಸ್ಕ್ರೂಗಳನ್ನು ವಿಶೇಷ ತಲೆಯವಕ್ಕೆ ಬದಲಿಸುವುದು, ಕನೆಕ್ಟರ್ ಅನ್ನು ಕೈಗೆ ಸಿಗದಂತೆ ಮಾಡುವುದು. ಕನೆಕ್ಟರ್ ಮೇಲೆ ಒಳಗಡೆ ಅಂಟು ಸವರಿರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ) ಕೊಳವೆ ಏರಿಸಿ ಬಿಸಿ ಮಾಡಿದರೆ ಎರಡೂ ತುದಿ ಒಂದಾಗಿ ಹಿಡಿಯುತ್ತವೆ, ನೀರೂ ಹೋಗುವುದಿಲ್ಲ. ಮೂರಕ್ಕೊಂದು ಕುಗ್ಗುವ ಕೊಳವೆ ಬೇಕು. ಎರಡಕ್ಕೊಂದು ಕುಗ್ಗುವುದು ಕನೆಕ್ಟರ್ ದಾಟುವಷ್ಟು ಅಗಲ ಇದ್ದರೆ ತೆಳ್ಳನೆಯ ಕೇಬಲ್ ಮೇಲೆ ಸಡಿಲ ಉಳಿಯುತ್ತದೆ. ಕೊಳವೆಯನ್ನು ಜೋಡಿಸುವ ಮೊದಲೇ ಕೇಬಲ್‌ಗೆ ಏರಿಸಿಟ್ಟುಕೊಳ್ಳಿ, ಹೀಟ್‌ಗನ್ ಅನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಕನೆಕ್ಟರ್‌ನ ಮೈಯೂ ಪ್ಲಾಸ್ಟಿಕ್ಕೇ. ಮುಂದೆ ಬಿಚ್ಚುವಾಗ ಬ್ಲೇಡ್‌ನಿಂದ ಉದ್ದಕ್ಕೆ ಸೀಳಬೇಕು, ಕೇಬಲ್‌ಗೆ ತಾಗದಂತೆ.

ಇಂಥ ಡಿಸ್‌ಪ್ಲೇಗಳಲ್ಲಿ ಹಲವಕ್ಕೆ ಆನ್ ಮಾಡಿದ ಕೂಡಲೇ ಪಿನ್ ಕೇಳುವ ವ್ಯವಸ್ಥೆ ಸೆಟ್ಟಿಂಗ್ಸ್‌ನಲ್ಲಿದೆ. ಪಿನ್ ಉಳಿದಿರುವುದು ಡಿಸ್‌ಪ್ಲೇಯೊಳಗೆ, ಮೋಟಾರ್‌ನಲ್ಲಲ್ಲ. ಆದ್ದರಿಂದ ಇಡೀ ಸೈಕಲ್ ಕದ್ದವನು ಬೇರೆ ಡಿಸ್‌ಪ್ಲೇ ಸಿಕ್ಕಿಸಿ ಹೋಗಬಹುದು. ಡಿಸ್‌ಪ್ಲೇ ಮಾತ್ರ ಕದ್ದವನಿಗೆ ಸಿಗುವುದು ಪಿನ್ ಕೇಳುತ್ತ ಕೂರುವ ಪರದೆ. ನಮ್ಮ ಉದ್ದೇಶಕ್ಕೆ ಇದು ಅಷ್ಟು ಸಾಕು, ಖರ್ಚೂ ಇಲ್ಲ. ಆದರೂ ಕಾರ್ಖಾನೆಯಿಂದ ಬಂದ ಪಿನ್ ಅನ್ನೇ ಇಟ್ಟುಕೊಂಡಿರುವವರಿದ್ದಾರೆ.

ವಿಶೇಷ ತಲೆಯ ಸ್ಕ್ರೂಗಳು

ಮಾರುಕಟ್ಟೆಯಲ್ಲಿ ‘ಸೆಕ್ಯುರಿಟಿ ಸ್ಕ್ರೂ’ ಎಂದು ಸಿಗುವುದರಲ್ಲಿ ನಕ್ಷತ್ರದಾಕಾರದ ಗುಂಡಿಯ ನಡುವೆ ಮೊಳೆಯಿರುವ ಪಿನ್ ಟಾರ್ಕ್ಸ್ ಬಳಸಲು ಸುಲಭ. ಎಂ3 ಗುಂಡು ತಲೆಗೆ ಸಾಮಾನ್ಯವಾಗಿ ಟಿ10 ಬಿಟ್ (ಸ್ಕ್ರೂಡ್ರೈವರ್‌ಗೆ ಸಿಕ್ಕಿಸುವ ತುದಿ), ನಡುವೆ ತೂತು ಇರುವಂಥದ್ದು. ಆ ಬಿಟ್ ಕಳ್ಳನಿಗೂ ಸಿಗುತ್ತದೆ, ನಿಜ. ಆದರೆ ಜೇಬಿನಲ್ಲಿ ಅಲೆನ್ ಕೀ ಇಟ್ಟುಕೊಂಡು ಓಡಾಡುವವನ ಬಳಿ ಅದು ಇರುವ ಸಾಧ್ಯತೆ ಕಡಿಮೆ. ಎರಡು ತೂತಿನ ತಲೆ, ಮೂರು ರೆಕ್ಕೆಯ ತಲೆಗಳೂ ಇವೆ. ಎಂ3 ಗಾತ್ರದಲ್ಲಿ ಅವುಗಳ ಗುಂಡಿ ಎಷ್ಟು ಸಣ್ಣದೆಂದರೆ ಸ್ವಲ್ಪ ಜಾರಿದರೂ ತಲೆ ಸವೆದು ಮಾಲೀಕರೇ ಬಿಚ್ಚಲಾಗದ ಪರಿಸ್ಥಿತಿ. ಒಂದೇ ದಿಕ್ಕಿಗೆ ತಿರುಗುವ ಸ್ಕ್ರೂಗಳಂತೂ ದಯವಿಟ್ಟು ಬೇಡ. ಡಿಸ್‌ಪ್ಲೇ ಕೆಟ್ಟ ದಿನ ಅದರ ಪಕ್ಕದಲ್ಲೇ ಡ್ರಿಲ್ ಓಡಿಸಬೇಕಾಗುತ್ತದೆ.

ಹೊಸ ಸ್ಕ್ರೂ ಕೊಳ್ಳದೆ ಅಲೆನ್ ತಲೆಯ ಗುಂಡಿಗೆ ಉಕ್ಕಿನ ಗುಂಡು ಕೂರಿಸುವುದು ಸೈಕಲ್ ಮೆಕ್ಯಾನಿಕ್‌ಗಳ ಹಳೆಯ ಉಪಾಯ. ಎಂ5 ಸಿಲಿಂಡರ್ ತಲೆಗೆ 4 ಮಿ.ಮೀ. ಅಲೆನ್, ಅದೇ ಅಳತೆಗೆ ಕೂದಲೆಳೆ ಕಡಿಮೆಯ ಬೇರಿಂಗ್ ಗುಂಡು ಸರಿಯಾಗಿ ಇಳಿಯುತ್ತದೆ. ಎಂ3ಕ್ಕೆ 2.5. ಗುಂಡು ನಿಲ್ಲಿಸಲು ಸೂಪರ್‌ಗ್ಲೂ ಹಾಕಿ ಎಂದು ಹೇಳುವವರಿದ್ದಾರೆ. ಬಿಚ್ಚುವಾಗ ಅದನ್ನು ಕರಗಿಸಲು ಅಸಿಟೋನ್ ಬೇಕು, ಅಸಿಟೋನ್ ತಾಗಿದರೆ ಡಿಸ್‌ಪ್ಲೇಯ ಪ್ಲಾಸ್ಟಿಕ್ ಬೆಳ್ಳಗಾಗಿ ಮೆತ್ತಗಾಗುತ್ತದೆ. ಮೇಣದಬತ್ತಿಯ ಮೇಣ ತುಂಬಿ ಗುಂಡು ಒತ್ತಿ. ಬೇಕಾದಾಗ ಬಿಸಿ ಮಾಡಿದ ಸೂಜಿಯಿಂದ ಸಡಿಲಿಸಿ ಆಯಸ್ಕಾಂತದಲ್ಲಿ ಎತ್ತಿದರೆ ಬರುತ್ತದೆ. ಗುಂಡು ಸ್ಟೇನ್‌ಲೆಸ್‌ನದು ಬೇಡ, ಮಾಮೂಲಿ ಬೇರಿಂಗ್ ಉಕ್ಕಿನದೇ ಇರಲಿ. ಸ್ಟೇನ್‌ಲೆಸ್‌ನಲ್ಲಿ ಕೆಲವು ಬಗೆ ಆಯಸ್ಕಾಂತಕ್ಕೆ ಅಂಟುವುದಿಲ್ಲ.

ಥ್ರೆಡ್‌ಲಾಕ್ ದ್ರವದ ಬಗ್ಗೆ ಒಂದು ಎಚ್ಚರಿಕೆ. ಲಾಕ್‌ಟೈಟ್ 222 ಥರದವು ಲೋಹಕ್ಕೆ ಲೋಹ ತಾಗಿ ಗಾಳಿಯಾಡದಿದ್ದಾಗ ಮಾತ್ರ ಗಟ್ಟಿಯಾಗುತ್ತವೆ. ಪ್ಲಾಸ್ಟಿಕ್ ಥ್ರೆಡ್‌ನಲ್ಲಿ ಒದ್ದೆಯಾಗಿಯೇ ಉಳಿದು, ಪಾಲಿಕಾರ್ಬೊನೇಟ್ ಮತ್ತು ಎಬಿಎಸ್‌ಗಳಲ್ಲಿ ಕೂದಲೆಳೆಯಂಥ ಬಿರುಕು ಎಬ್ಬಿಸುತ್ತವೆ. ಬಿರುಕು ಆ ಕ್ಷಣ ಕಾಣುವುದಿಲ್ಲ, ಮುಂದೊಂದು ದಿನ ರಸ್ತೆಗುಂಡಿ ಹಾರಿಸಿದಾಗ ಕ್ಲಾಂಪ್‌ನ ಕಿವಿ ಮುರಿದು ಬರುತ್ತದೆ. ಸ್ಕ್ರೂ ಸಡಿಲಾಗುವ ಭಯವಿದ್ದರೆ ಥ್ರೆಡ್ ಮೇಲೆ ನೈಲಾನ್ ಪಟ್ಟಿ ಹಚ್ಚಿರುವ ಸ್ಕ್ರೂ ತನ್ನಿ, ದ್ರವದ ಸಹವಾಸವೇ ಬೇಡ.

ಕವಚ, ಬ್ರಾಕೆಟ್, ದಾರ

ಹೊರಗಿನವರು ಮಾರುವ ಲೋಹದ ಕವಚಗಳಲ್ಲಿ ಡಿಸ್‌ಪ್ಲೇಯನ್ನು ಸುತ್ತುವರಿದು ಅಡಿಯಲ್ಲಿ ಸ್ಕ್ರೂ ಇರುವಂಥವು ಕೆಲಸಕ್ಕೆ ಬರುತ್ತವೆ. ಸ್ಕ್ರೂ ಮೇಲೇ ಕಾಣುವ ಮಾದರಿಗಳು ಭಾರಕ್ಕೆ ಮಾತ್ರ. ಕೊಳ್ಳುವ ಮೊದಲು ಬಟನ್‌ಗಳು ಕೈಗವಸು ಹಾಕಿದ ಬೆರಳಿಗೂ ಸಿಗುತ್ತವೆಯೇ, ಯುಎಸ್‌ಬಿ ಬಾಯಿಯ ಮುಚ್ಚಳ ತೆರೆಯಲು ಬರುತ್ತದೆಯೇ ಎಂದು ನೋಡಿ. ಇಂಟುವಿಯಾದ ಯುಎಸ್‌ಬಿ ಬಾಯಿಯಿಂದಲೇ ವರ್ಕ್‌ಶಾಪ್‌ನವರು ಸೈಕಲ್‌ನ ತಪಾಸಣೆ ಮಾಡುವುದು. ಕವಚದೊಳಗೆ ಮಳೆನೀರು ನಿಲ್ಲದಂತೆ ಕೆಳಗೆ ತೂತು ಇರಬೇಕು, ಇಲ್ಲವಾದರೆ ಕಾಂಟ್ಯಾಕ್ಟ್‌ಗಳು ದಿನವಿಡೀ ನೀರಲ್ಲಿ ನೆನೆಯುತ್ತವೆ.

ತ್ರೀಡಿ ಪ್ರಿಂಟ್ ಮಾಡಿದ ತಡೆಗಳಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನದನ್ನು ತಳ್ಳಿಹಾಕಿ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಅದು ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಪ್ಪು ತುಂಡು ಅಷ್ಟು ಬಿಸಿಯಾಗುವುದು ದೊಡ್ಡ ಮಾತಲ್ಲ. ಎಎಸ್‌ಎ ಆದರೆ ಬಿಸಿಲನ್ನೂ ಶಾಖವನ್ನೂ ತಾಳುತ್ತದೆ, ಪಿಇಟಿಜಿ ನಡುವಿನದು. ಸಿಲಿಕೋನ್ ಹೊದಿಕೆಗಳು ಧೂಳು, ಮಳೆಗೆ ಒಳ್ಳೆಯವು, ಕಳವಿಗೆ ಶೂನ್ಯ. ತೆಳ್ಳನೆಯ ಉಕ್ಕಿನ ದಾರದಿಂದ ಡಿಸ್‌ಪ್ಲೇಯನ್ನು ಹ್ಯಾಂಡಲ್‌ಗೆ ಕಟ್ಟುವುದು ಕೈಜಾರಿ ಬೀಳದಿರಲು ಸರಿ, ಕಟಿಂಗ್ ಪ್ಲೇಯರ್ ಮುಂದೆ ನಿಲ್ಲುವುದಿಲ್ಲ. ದಾರಕ್ಕಾಗಿ ಡಿಸ್‌ಪ್ಲೇಗೆ ತೂತು ಕೊರೆದರೆ ವಾರಂಟಿಯೂ ಹೋಯಿತು, ನೀರು ತಡೆಯೂ ಹೋಯಿತು.

ಕಿತ್ತು ಒಯ್ಯುವುದೇ ಮೇಲೆನ್ನುವವರಿಗೆ

ಹೆಚ್ಚು ಹೊತ್ತು ನಿಲ್ಲಿಸುವಾಗ ಡಿಸ್‌ಪ್ಲೇ ಕಿತ್ತು ಒಯ್ಯುವುದಕ್ಕೆ ಸಾಟಿಯಿಲ್ಲ. ಆದರೆ ಅದಕ್ಕೂ ಬೆಲೆಯಿದೆ. ಜೇಬಿನಲ್ಲಿ ಬೀಗದಕೈ ಗೊಂಚಲಿನ ಜೊತೆ ಹಾಕಿದರೆ ಪರದೆ ಗೀರು ಬೀಳುತ್ತದೆ, ಕೈಯಿಂದ ಜಾರಿದರೆ ಮೂಲೆ ಒಡೆಯುತ್ತದೆ. ಮೆತ್ತನೆಯ ಚೀಲವೊಂದು ಬೇಕು. ಖಾಲಿ ಬ್ರಾಕೆಟ್‌ನ ಕಾಂಟ್ಯಾಕ್ಟ್‌ಗಳ ಮೇಲೆ ಮಳೆ, ಧೂಳು ಕೂರುತ್ತವೆ. ಮುಚ್ಚಳ ಸಿಕ್ಕರೆ ಹಾಕಿ, ಸಿಗದಿದ್ದರೆ ಡಿಸ್‌ಪ್ಲೇ ಮತ್ತೆ ಇಡುವ ಮುನ್ನ ಒಣಬಟ್ಟೆಯಿಂದ ಒರೆಸಿ. ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿ ಸಾಕು. ಉಪ್ಪುಕಾಗದ ಹಾಕಿ ತಿಕ್ಕಿದರೆ ಮೇಲಿನ ಲೇಪ ಹೋಗಿ ಕಿಲುಬು ಮತ್ತೂ ಬೇಗ ಬರುತ್ತದೆ. ತುಂಬ ದಿನ ಕಿತ್ತಿಡುವ ಕಿಯಾಕ್ಸ್‌ನ ಒಳಬ್ಯಾಟರಿಯನ್ನು ಕನಿಷ್ಠ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.

ಗುರುತು ಹಾಕುವುದರಲ್ಲಿ ಜಿಪುಣತನ ಬೇಡ. ಯುವಿ ಪೆನ್ನಿನ ಗುರುತು ಬಿಸಿಲಿಗೆ ಮಾಸುತ್ತದೆ. ಬೆನ್ನಿನ ಪ್ಲಾಸ್ಟಿಕ್ ಮೇಲೆ, ಕಾಂಟ್ಯಾಕ್ಟ್ ಮತ್ತು ಅಂಚಿನ ಸೀಲ್‌ಗಳಿಂದ ದೂರದಲ್ಲಿ, ಮೇಲ್ಮೈ ಅಷ್ಟೇ ಗೀಚಿ ಕೆತ್ತಿದರೆ ಮಾರುವವನಿಗೆ ಅದು ಅಡ್ಡಿ. ಕೆತ್ತಿದ್ದನ್ನೂ ಸೀರಿಯಲ್ ನಂಬರ್ ಅನ್ನೂ ಬಿಲ್ ಜೊತೆ ಇಡಿ. ವಿಮೆ ಇದ್ದರೆ, ಸೈಕಲ್‌ಗೆ ಭದ್ರವಾಗಿ ಜೋಡಿಸಿದ ಭಾಗಗಳಿಗೆ ಮಾತ್ರ ಪರಿಹಾರ ಎಂಬ ಷರತ್ತಿದೆಯೇ ಎಂದು ಓದಿ ನೋಡಿ; ಹಾಗಿದ್ದಲ್ಲಿ ತಡೆ ಸ್ಕ್ರೂ ಹಾಕಿದ್ದರ ಫೋಟೋ ಒಂದು ಜೊತೆಗಿರಲಿ.

ಹಾಕಿದ ಮೇಲೆ ಬರುವ ತೊಂದರೆ

ತಡೆ ಸ್ಕ್ರೂ ಹಾಕಿದವರು ಮರೆಯುವುದು ಪಂಚರ್ ದಿನವನ್ನು. ಸೈಕಲ್ಲನ್ನು ಸೀಟು, ಹ್ಯಾಂಡಲ್ ಮೇಲೆ ಮಗುಚಿ ನಿಲ್ಲಿಸಿದರೆ ಹ್ಯಾಂಡಲ್‌ಗಿಂತ ಮೇಲೆ ಎದ್ದಿರುವ ಡಿಸ್‌ಪ್ಲೇ ಮೇಲೆಯೇ ಭಾರ ಬೀಳುತ್ತದೆ. ಮೊದಲಾದರೆ ಕಿತ್ತು ಪಕ್ಕಕ್ಕಿಡುತ್ತಿದ್ದಿರಿ, ಈಗ ಆಗುವುದಿಲ್ಲ. ಹಿಡಿಕೆಗಳ ಕೆಳಗೆ ಎರಡೂ ಕಡೆ ಮರದ ತುಂಡು ಇಟ್ಟು ಎತ್ತರ ಕೊಡಿ, ಅಥವಾ ಸೈಕಲ್ಲನ್ನು ಪಕ್ಕಕ್ಕೆ ಮಲಗಿಸಿ ಚಕ್ರ ಬಿಚ್ಚಿ. ಕಾರಿನ ಹಿಂದೆ ಸೈಕಲ್ ಕಟ್ಟಿ ಒಯ್ಯುವವರೂ ಇದನ್ನೇ ಲೆಕ್ಕ ಹಾಕಬೇಕು. ಹೊರಗೆ ಕಟ್ಟುವಾಗ ಡಿಸ್‌ಪ್ಲೇ ತೆಗೆಯುವುದು ವಾಡಿಕೆ, ಸ್ಕ್ರೂ ಇದ್ದರೆ ಗಾಳಿಮಳೆಗೆಲ್ಲ ಅದೇ ಮೈಯೊಡ್ಡಬೇಕು. ಪ್ರೆಶರ್ ವಾಷರ್ ಅಂತೂ ಇ-ಬೈಕ್‌ನ ಯಾವ ಭಾಗಕ್ಕೂ ಬೇಡ.

ವಿಶೇಷ ತಲೆಯ ಸ್ಕ್ರೂ ಹಾಕಿದ ಸೈಕಲ್ಲನ್ನು ಸರ್ವೀಸಿಗೆ ಬಿಡುವಾಗ ಅದರ ಬಿಟ್ ಅನ್ನು ಚೀಟಿ ಸಮೇತ ಮೆಕ್ಯಾನಿಕ್ ಕೈಗೆ ಕೊಡಿ. ಸೀಟಿನ ಕೆಳಗಿನ ಹತಾರದ ಚೀಲದಲ್ಲಿ ಬಿಟ್ ಇಟ್ಟು ಬೀದಿಯಲ್ಲಿ ನಿಲ್ಲಿಸಿದರೆ ಕಳ್ಳನಿಗೂ ಅದು ಅಲ್ಲೇ ಸಿಗುತ್ತದೆ. ಅದು ಮನೆಯ ಕೀಲಿ ಗೊಂಚಲಿನಲ್ಲಿರಲಿ, ಇನ್ನೊಂದು ಬಿಡಿ ಬಿಟ್ ಸೈಕಲ್‌ನ ಬಿಲ್ ಇಟ್ಟಿರುವ ಕವರಿನಲ್ಲಿರಲಿ.